ವೆಬ್ ಪುಟದ ಅಟ್ರಿಬ್ಯೂಟ್: ಬೀಜದ ಚೀಲಕ್ಕೆ ಚೀಟಿ ಇದ್ದಂತೆ

ಹಿರಿಯೂರಿನ ದಾಳಿಂಬೆ, ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ ಬೆಳೆಗಾರರು ತಮ್ಮ ಫಸಲಿನ ವಿವರವನ್ನು ದೂರದ ಖರೀದಿದಾರರಿಗೆ ತಾವೇ ತಿಳಿಸಲು ವೆಬ್ ಪುಟ ಒಳ್ಳೆಯ ಸಾಧನ. ಪುಟವನ್ನು ಬರೆಯುವ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ 1990ರ ಸುಮಾರಿಗೆ ಇದನ್ನು ರೂಪಿಸಿದರು. ಇದರ ಟ್ಯಾಗುಗಳನ್ನು ಬೇಗ ಕಲಿಯುವವರೂ ಅಟ್ರಿಬ್ಯೂಟ್ ಬಂದಾಗ ಎಡವುವುದುಂಟು.

ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಹೊಲಿದಿರುತ್ತದೆ. ಒಳಗಿರುವುದು ಶೇಂಗಾ ಎಂದು ಕೈಯಿಂದ ಮುಟ್ಟಿದರೂ ತಿಳಿದೀತು. ತಳಿ ಯಾವುದು, ಲಾಟ್ ಸಂಖ್ಯೆ ಏನು, ಎಲ್ಲಿಯವರೆಗೆ ಬಿತ್ತಬಹುದು ಎಂಬುದನ್ನು ಚೀಟಿಯೇ ಹೇಳಬೇಕು. ಟ್ಯಾಗು ಈ ಚೀಲವಿದ್ದಂತೆ, ಅಟ್ರಿಬ್ಯೂಟ್ ಚೀಟಿಯ ಒಂದೊಂದು ಸಾಲಿದ್ದಂತೆ. ಚೀಟಿಯಲ್ಲಿ ‘ತಳಿ’ ಎಂಬುದು ಹೆಸರು, ‘ಟಿಎಂವಿ 2’ ಎಂಬುದು ಮೌಲ್ಯ. ಪುಟದಲ್ಲಿಯೂ ಮೊದಲು ಹೆಸರು, ಬಳಿಕ ಸಮ ಚಿಹ್ನೆ, ಅದರ ಮುಂದೆ ಉದ್ಧರಣ ಚಿಹ್ನೆಗಳ ನಡುವೆ ಮೌಲ್ಯ ಬರೆಯುವುದು ಕ್ರಮ. ಇದನ್ನು ಆರಂಭದ ಟ್ಯಾಗಿನೊಳಗೇ ಬರೆಯತಕ್ಕದ್ದು. ಮುಕ್ತಾಯದ ಟ್ಯಾಗಿನಲ್ಲಿ ಬರೆದರೆ ಫಲವಿಲ್ಲ.

‘ದರ ಕೇಳಲು ಇಲ್ಲಿ ಒತ್ತಿ’ ಎಂದು ಬರೆದ ಮಾತ್ರಕ್ಕೆ ಕರೆ ಹೋಗುವುದಿಲ್ಲ. ಕೊಂಡಿಯ ಟ್ಯಾಗಿಗೆ ಎಚ್‌ರೆಫ್ ಎಂಬ ಅಟ್ರಿಬ್ಯೂಟ್ ಕೊಟ್ಟು, ಅದರಲ್ಲಿ ‘ಟೆಲ್’ ಎಂಬ ಇಂಗ್ಲಿಷ್ ಅಕ್ಷರಗಳು, ಎರಡು ಚುಕ್ಕೆ, ನಂತರ +91 ಸಹಿತ ದೂರವಾಣಿ ಸಂಖ್ಯೆ ಬರೆಯಬೇಕು. ಒಂದು ಅಂಕಿ ತಪ್ಪಿದರೆ ಕರೆ ಬೇರೆಯವರಿಗೆ ಹೋಗುತ್ತದೆ. ಪುಟ ಮಾತ್ರ ಏನೂ ಆಗದಂತೆ ಚೆನ್ನಾಗಿಯೇ ಕಾಣುತ್ತದೆ.

ಚಿತ್ರಕ್ಕೆ ಎರಡು ಮುಖ್ಯ: ಕಡತ ಎಲ್ಲಿದೆ ಎನ್ನುವ ಎಸ್‌ಆರ್‌ಸಿ, ಚಿತ್ರದಲ್ಲಿ ಏನಿದೆ ಎನ್ನುವ ಆಲ್ಟ್. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಅದಲುಬದಲಾದರೆ ಮನೆಯ ಕಂಪ್ಯೂಟರಿನಲ್ಲಿ ಕಂಡ ಚಿತ್ರ ಅಂತರಜಾಲಕ್ಕೆ ಏರಿಸಿದ ಮೇಲೆ ಕಾಣದಿರಬಹುದು. ಆಗ, ಅಥವಾ ಹಳ್ಳಿಯಲ್ಲಿ ಸಿಗ್ನಲ್ ಸೊರಗಿ ಚಿತ್ರ ಬಾರದಿದ್ದಾಗ, ಆಲ್ಟ್‌ನ ಮಾತೇ ಓದುಗನಿಗೆ ಸಿಗುವುದು. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶವೂ ಇದನ್ನೇ ಓದುತ್ತದೆ. ‘ಚಿತ್ರ 1’ ಎಂದು ಬರೆಯುವುದು ವ್ಯರ್ಥ. ‘ಕೊಯ್ಲಿಗೆ ಬಂದ ಭಗವಾ ದಾಳಿಂಬೆ’ ಎಂದರೆ ಪ್ರಯೋಜನ.

ಪುಟದ ಮೊದಲ ಟ್ಯಾಗಿನಲ್ಲಿ ಲ್ಯಾಂಗ್ ಎಂಬ ಅಟ್ರಿಬ್ಯೂಟ್ ಇರಬೇಕು. ಕನ್ನಡಕ್ಕೆ ಇದರ ಮೌಲ್ಯ ಕೆ, ಎನ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳು. ಬೇರೆಡೆಯಿಂದ ನಕಲು ಮಾಡಿದ ಪುಟಗಳಲ್ಲಿ ಇಲ್ಲಿ ಇಂಗ್ಲಿಷಿನ ಸಂಕೇತವೇ ಉಳಿದುಬಿಡುತ್ತದೆ. ಓದುವ ತಂತ್ರಾಂಶ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತೊಡಕಾಗುತ್ತದೆ.

ಕಲಿಯುವವರನ್ನು ಗಂಟೆಗಟ್ಟಲೆ ಕಾಡುವುದು ಉದ್ಧರಣ ಚಿಹ್ನೆ. ಪತ್ರ ಬರೆಯುವ ತಂತ್ರಾಂಶಗಳು ನೇರ ಚಿಹ್ನೆಯನ್ನು ಅಂದಕ್ಕಾಗಿ ಬಾಗಿದ ಚಿಹ್ನೆಯಾಗಿ ತಾವೇ ಬದಲಿಸುತ್ತವೆ. ಬ್ರೌಸರ್ ಅದನ್ನು ಮೌಲ್ಯದ ಭಾಗವೆಂದೇ ಎಣಿಸುವುದರಿಂದ ಕೊಂಡಿ ಕೆಡುತ್ತದೆ. ಹೀಗಾಗಿ ನೋಟ್‌ಪ್ಯಾಡ್‌ನಂತಹ ಸಾದಾ ತಂತ್ರಾಂಶದಲ್ಲಿ ಬರೆಯುವುದು ಕ್ಷೇಮ.

ಸಂಖ್ಯೆ ಬದಲಾದಾಗ ಹಳೆಯ ಎಚ್‌ರೆಫ್ ಅಳಿಸದೆ ಅದೇ ಟ್ಯಾಗಿನಲ್ಲಿ ಹೊಸದೊಂದನ್ನು ಅದರ ಮುಂದೆ ಸೇರಿಸುವುದೂ ಕೂಡದು. ಒಂದೇ ಹೆಸರು ಎರಡು ಸಲ ಬಂದರೆ ಬ್ರೌಸರ್ ಮೊದಲನೆಯದನ್ನು ಮಾತ್ರ ಹಿಡಿಯುತ್ತದೆ. ಖರೀದಿದಾರನ ಕರೆ ಹಳೆಯ ಸಂಖ್ಯೆಗೇ ಹೋಗುತ್ತಿರುತ್ತದೆ.