ಒಂದೇ ರಿಪೋರ್ಟ್ ನೋಡಿ ಕಂಗಾಲಾಗಬೇಡಿ

ಶಿವಗಂಗೆ ಸುತ್ತಿನ ಹಳ್ಳಿಗಳಲ್ಲಿ ಮುಟ್ಟು ನಿಂತರೆ ಮೊದಲು ಆಶಾ ಅಕ್ಕ ಕೊಡುವ ಕಿಟ್. ಎರಡು ಗೆರೆ ಮೂಡಿದರೆ ಮನೆಯೆಲ್ಲ ಖುಷಿ. ಚಿಂತೆ ಶುರುವಾಗುವುದು ನೆಲಮಂಗಲದ ಲ್ಯಾಬಿನಿಂದ ರಕ್ತಪರೀಕ್ಷೆಯ ರಿಪೋರ್ಟ್ ಬಂದ ಮೇಲೆ. ‘ಬೀಟಾ ಎಚ್‌ಸಿಜಿ 180’ (ಗರ್ಭ ನಿಂತಾಗ ರಕ್ತದಲ್ಲಿ ಏರುವ ಹಾರ್ಮೋನಿನ ಮಟ್ಟ) ಎಂದಿದೆ, ಓರಗಿತ್ತಿಗೆ ಅದೇ ವಾರದಲ್ಲಿ 900 ಇತ್ತಂತೆ! ದಯವಿಟ್ಟು ಹೋಲಿಸಬೇಡಿ. ಐದನೇ ವಾರದಲ್ಲಿ ಒಬ್ಬರಿಗೆ ನೂರರ ಲೆಕ್ಕ, ಇನ್ನೊಬ್ಬರಿಗೆ ಸಾವಿರದ ಲೆಕ್ಕ, ಎರಡೂ ಸಹಜವೇ. ವೈದ್ಯರು ನೋಡುವುದು ಏರಿಕೆಯನ್ನು: ಮೊದಲ ವಾರಗಳಲ್ಲಿ 48ರಿಂದ 72 ಗಂಟೆಗೊಮ್ಮೆ ಹೆಚ್ಚುಕಡಿಮೆ ಇಮ್ಮಡಿ. ಹಾಗಾಗಿ ಎರಡನೇ ಸಲವೂ ಅದೇ ಲ್ಯಾಬಿಗೇ ಹೋಗಿ. 8ರಿಂದ 11ನೇ ವಾರದ ಹೊತ್ತಿಗೆ ಗರಿಷ್ಠ ಮುಟ್ಟಿ ಆಮೇಲೆ ತಾನೇ ಇಳಿಯುತ್ತದೆ. ಆ ಇಳಿಕೆಗೆ ಅಂಜಬೇಕಿಲ್ಲ. ಆರೇಳು ವಾರವಾದ ಮೇಲಂತೂ ಸ್ಕ್ಯಾನಿಂಗೇ ಹೆಚ್ಚು ಹೇಳುತ್ತದೆ.

ಏರಿಕೆ ತೀರಾ ನಿಧಾನವಾದರೆ ಗರ್ಭ ನಾಳದಲ್ಲಿ ಕಟ್ಟಿರಬಹುದು, ಇಲ್ಲವೇ ನಿಲ್ಲದೆ ಹೋಗಬಹುದು. ಹೊಟ್ಟೆಯ ಒಂದು ಪಕ್ಕ ನೋವು, ರಕ್ತಸ್ರಾವ, ಭುಜದ ತುದಿಯಲ್ಲಿ ನೋವು, ತಲೆಸುತ್ತು ಬಂದರೆ ಸಂಖ್ಯೆ ಎಷ್ಟೇ ಇರಲಿ, ನಡುರಾತ್ರಿಯಾದರೂ 108ಕ್ಕೆ ಕರೆ ಮಾಡಿ. ‘ಬೆಳಗಾಗಲಿ ನೋಡೋಣ’ ಎಂದು ಮನೆಯವರು ಯಾರೇ ಹೇಳಿದರೂ ಆ ಹೊತ್ತಲ್ಲಿ ಕಾಯಬೇಡಿ.