ಲಕ್ವ ಮತ್ತು ರಕ್ತದ ಸಕ್ಕರೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಸಕ್ಕರೆಯೆಂದೊಡನೆ ನೆನಪಾಗುವುದು ಕಬ್ಬಿನ ಗದ್ದೆ, ಆಲೆಮನೆ, ಮತ್ತು ೧೯೩೩ರಲ್ಲಿ ಮಂಡ್ಯದಲ್ಲಿ ಸ್ಥಾಪಿತವಾದ ಸಕ್ಕರೆ ಕಾರ್ಖಾನೆ. ಬಳಲಿ ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಹಳ್ಳಿಗಳ ಮರ್ಯಾದೆ. ಆದರೆ ಸಂತೆಯಲ್ಲಿ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಕುಸಿದು, ಬಾಯಿ ಸೊಟ್ಟಗಾಗಿ, ಒಂದು ಕೈ ಸ್ವಾಧೀನ ತಪ್ಪಿ, ಮಾತು ತೊದಲಿದರೆ ಅವರಿಗೂ ಬೆಲ್ಲದ ನೀರು ಕುಡಿಸಬಹುದೆ? ಉತ್ತರವನ್ನು ಅರಿಯಲು ಮಿದುಳಿಗೂ ಸಕ್ಕರೆಗೂ ಇರುವ ಸಂಬಂಧವನ್ನು ನಾವು ವಿಚಾರಿಸೋಣ.

ಮನುಷ್ಯನ ಮಿದುಳಿನ ತೂಕ ಸುಮಾರು ೧.೪ ಕಿಲೋಗ್ರಾಂ, ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೂ ವಿಶ್ರಾಂತಿಯಲ್ಲಿರುವ ದೇಹ ವ್ಯಯಿಸುವ ಶಕ್ತಿಯಲ್ಲಿ ಐದನೆಯ ಒಂದು ಪಾಲು ಇದರದು. ಇದರ ಮುಖ್ಯ ಇಂಧನ ಗ್ಲೂಕೋಸ್ ಎಂಬ ಸಕ್ಕರೆ. ದಿನಕ್ಕೆ ಸುಮಾರು ೧೨೦ ಗ್ರಾಂ ಬೇಕು. ಗ್ರಾಮೊಂದಕ್ಕೆ ಸುಮಾರು ೧೬,೦೦೦ ಜೂಲ್ ಶಕ್ತಿಯಂತೆ ಗುಣಿಸಿ, ದಿನದ ೮೬,೪೦೦ ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು ೨೨ ವಾಟ್ ಬರುತ್ತದೆ. ಚಿಕ್ಕದೊಂದು ವಿದ್ಯುದ್ದೀಪದಷ್ಟು! ಆದರೆ ಇಡೀ ದೇಹದ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ನಾಲ್ಕೈದು ಗ್ರಾಂ ಮಾತ್ರ. ಯಕೃತ್ತು ಎಡೆಬಿಡದೆ ಪೂರೈಸದಿದ್ದರೆ ಮಿದುಳೊಂದೇ ಅದನ್ನು ಒಂದು ಗಂಟೆಯಲ್ಲಿ ಮುಗಿಸಿಬಿಟ್ಟೀತು.

ಇಂಧನವಿದ್ದ ಮಾತ್ರಕ್ಕೆ ಸಾಲದು, ಆಮ್ಲಜನಕವೂ ಬೇಕು. ಆಲೆಮನೆಯ ಒಲೆಗೆ ಗಾಳಿ ಕಟ್ಟಿದಾಗ ಇನ್ನಷ್ಟು ಕಬ್ಬಿನ ಸಿಪ್ಪೆ ತುರುಕಿದರೆ ಉರಿ ಹೆಚ್ಚದು, ಹೊಗೆ ಹೆಚ್ಚುತ್ತದೆ. ಹೆಚ್ಚಿನ ಲಕ್ವಗಳಲ್ಲಿ ಆಗುವುದೂ ಇದಕ್ಕೆ ಸಮಾನವಾದುದೇ. ಹೆಪ್ಪುಗಟ್ಟಿದ ರಕ್ತ ಮಿದುಳಿನ ನಾಳವನ್ನು ಮುಚ್ಚುತ್ತದೆ. ಆಮ್ಲಜನಕವಿಲ್ಲದೆ ಗ್ಲೂಕೋಸ್ ಅರೆಬರೆಯಾಗಿ ಒಡೆದು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಆಮ್ಲ ಹೆಚ್ಚಿ, ಉಳಿಯಬಹುದಾಗಿದ್ದ ಕೋಶಗಳೂ ನಾಶವಾಗುತ್ತವೆ. ಆಘಾತದ ಹೊತ್ತಿನಲ್ಲಿ ದೇಹವು ಸ್ರವಿಸುವ ಹಾರ್ಮೋನುಗಳಿಂದಾಗಿ ಮಧುಮೇಹವಿಲ್ಲದವರಲ್ಲಿಯೂ ರಕ್ತದ ಸಕ್ಕರೆ ಏರುವುದುಂಟು. ಹೀಗೆ ಏರಿದವರಲ್ಲಿ ಚೇತರಿಕೆ ಕುಂಠಿತವಾಗುವುದನ್ನು ವೈದ್ಯರು ಬಹುಕಾಲದಿಂದ ಗಮನಿಸಿದ್ದಾರೆ.

ಹಾಗಾದರೆ ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು ಪೂರ್ತಿ ಇಳಿಸಿಬಿಟ್ಟರೆ ಒಳ್ಳೆಯದಲ್ಲವೆ? ಇದನ್ನು ಪರೀಕ್ಷಿಸಲು ಅಮೆರಿಕದಲ್ಲಿ ೧,೧೫೧ ರೋಗಿಗಳ ಮೇಲೆ ಪ್ರಯೋಗ ನಡೆಯಿತು. ೨೦೧೯ರಲ್ಲಿ ಫಲಿತಾಂಶ ಪ್ರಕಟವಾಯಿತು. ನೂರು ಘನ ಸೆಂಟಿಮೀಟರ್ ರಕ್ತದಲ್ಲಿ ೮೦ರಿಂದ ೧೩೦ ಮಿಲಿಗ್ರಾಂ ಸಕ್ಕರೆಯಿರುವಂತೆ ಬಿಗಿಯಾಗಿ ಹಿಡಿದವರು, ೧೮೦ಕ್ಕಿಂತ ಕೆಳಗೆ ಸಡಿಲವಾಗಿ ಇರಿಸಿದವರಿಗಿಂತ ೯೦ ದಿನಗಳ ತರುವಾಯ ಹೆಚ್ಚೇನೂ ಚೇತರಿಸಿಕೊಂಡಿರಲಿಲ್ಲ. ಬದಲಾಗಿ, ಬಿಗಿ ಚಿಕಿತ್ಸೆ ಪಡೆದವರಲ್ಲಿ ಕೆಲವರ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದಿತ್ತು. ಆದುದರಿಂದ ಮೊದಲ ದಿನದಲ್ಲಿ ೧೪೦ರಿಂದ ೧೮೦ರ ನಡುವೆ ಇರಿಸುವುದೇ ಇಂದು ವೈದ್ಯರ ಸಾಮಾನ್ಯ ಗುರಿ.

ಇನ್ನೊಂದು ಸಂಗತಿ ಗಮನಾರ್ಹ. ಸಕ್ಕರೆ ತೀರ ಇಳಿದಾಗಲೂ ಮಾತು ತೊದಲಿ, ಒಂದು ಪಾರ್ಶ್ವ ಸೋತು, ಲಕ್ವದಂತೆಯೇ ತೋರಬಹುದು. ಕಣ್ಣಿಗೆ ಎರಡೂ ಒಂದೇ. ಭೇದವನ್ನು ಹೇಳುವುದು ಬೆರಳ ತುದಿಯ ಒಂದು ಹನಿ ರಕ್ತ. ಆಸ್ಪತ್ರೆಯಲ್ಲಿ ಮೊದಲು ಈ ಪರೀಕ್ಷೆಯನ್ನು ಮಾಡುವುದು ಇದಕ್ಕಾಗಿಯೇ.

ಈಗ ನಮ್ಮ ಪ್ರಶ್ನೆಗೆ ಉತ್ತರ ಸ್ಪಷ್ಟ. ಬೆಲ್ಲದ ನೀರು ಬೇಡ. ಲಕ್ವದಲ್ಲಿ ನುಂಗುವ ಶಕ್ತಿಯೂ ಕುಂದಿರಬಹುದಾದ್ದರಿಂದ ನೀರು ಶ್ವಾಸನಾಳಕ್ಕೆ ಇಳಿಯುವ ಭಯವುಂಟು. ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಲಕ್ಷಣಗಳು ಆರಂಭವಾದ ಗಳಿಗೆಯನ್ನು ಗುರುತು ಹಾಕಿಕೊಂಡು, ೧೦೮ಕ್ಕೆ ಕರೆ ಮಾಡಬೇಕು. ಮಧುಮೇಹದ ಔಷಧಿ ಸೇವಿಸುವವರಾದರೆ ಅದನ್ನೂ ತಿಳಿಸಬೇಕು. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೆ ಮುಂಚೆ ಮಿದುಳಿನಲ್ಲಿ ರಕ್ತಸ್ರಾವವಿಲ್ಲವೆಂಬುದನ್ನು ಸಿ.ಟಿ. ಚಿತ್ರದಿಂದ ಖಚಿತಪಡಿಸಿಕೊಳ್ಳಬೇಕು. ಮಳವಳ್ಳಿಯ ಆಚೆಯ ಹಳ್ಳಿಯಿಂದ ಹೊರಟವರಿಗೆ ಈ ಅವಧಿ ದೀರ್ಘವೇನಲ್ಲ. ದೊಡ್ಡ ನಾಳವೊಂದು ಮುಚ್ಚಿದಾಗ ನಿಮಿಷಕ್ಕೆ ಸರಾಸರಿ ೧೯ ಲಕ್ಷ ನರಕೋಶಗಳು ನಾಶವಾಗುತ್ತವೆಂದು ಅಂದಾಜು.

ಮನೆಗೆ ಮರಳಿದ ಮೇಲೂ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡಗಳನ್ನು ಅಳೆಯುತ್ತ, ಅಂಕೆಯಲ್ಲಿಟ್ಟು, ಕೈಕಾಲುಗಳಿಗೆ ವ್ಯಾಯಾಮ ಕೊಡುತ್ತಿದ್ದರೆ ಚೇತರಿಕೆಗೆ ಅನುಕೂಲ. ಎರಡನೆಯ ಲಕ್ವದ ಭಯವೂ ತಗ್ಗುತ್ತದೆ. ಮಿದುಳಿಗೆ ಸಕ್ಕರೆ ಬೇಕು. ಆದರೆ ಎಷ್ಟು ಬೇಕೆಂಬುದನ್ನು ಅಳತೆಯೇ ಹೇಳಬೇಕಲ್ಲದೆ ನಮ್ಮ ಊಹೆಯಲ್ಲ.