ಬರ್ಜಿಲ್ಲೈ ಅಜ್ಜನ ಉತ್ತರ

ವಾಕ್ಯಭಾಗ: 2 ಸಮುವೇಲ 19:31-39

ಸತ್ಯವೇದ ತಂದಿರುವವರು ತೆಗೆಯಿರಿ. ಕನ್ನಡಕ ಮರೆತು ಬಂದವರಿಗೆ ಪಕ್ಕದವರು ಮೆಲ್ಲಗೆ ಓದಿ ಹೇಳಲಿ.

ಮುಪ್ಪಿನ ವಿಷಯ ಬಂದರೆ ನಾವು ಪ್ರಸಂಗಿಗಳು ಓಡಿಹೋಗಿ ಹಿಡಿಯೋದು ಕಾಲೇಬನನ್ನ. ಯೆಹೋಶುವ 14ನೇ ಅಧ್ಯಾಯ. ವಯಸ್ಸು 85, ಆದರೂ ಮೋಶೆ ಕಳಿಸಿದ ದಿನ ಇದ್ದ ಬಲವೇ ಈಗಲೂ ಇದೆ ಅಂತಾನೆ, ಬೆಟ್ಟದ ಸೀಮೆ ಕೊಡಿ ಅಂತ ಕೇಳ್ತಾನೆ. ನಮ್ಮ ಹರದನಹಳ್ಳಿಯಲ್ಲಿ ಇದನ್ನು ಸಾರೋದು ಇನ್ನೂ ಸುಲಭ. ಸರ್ಕಾರಿ ನೌಕರರು 60ಕ್ಕೆ ನಿವೃತ್ತಿ ಆಗ್ತಾರೆ. ಇದೇ ಊರಲ್ಲಿ 1933ರಲ್ಲಿ ಹುಟ್ಟಿದ ದೇವೇಗೌಡರು 1996ರಲ್ಲಿ, 63ನೇ ವಯಸ್ಸಿನಲ್ಲಿ ಪ್ರಧಾನಿಯಾದರು, 2020ರಲ್ಲಿ 87 ತುಂಬಿದ ಮೇಲೆ ರಾಜ್ಯಸಭೆಗೆ ಹೋದರು. ಇಷ್ಟು ಹೇಳಿದರೆ ಸಾಕು, ಸಭೆಯಲ್ಲಿ ಹಲ್ಲೆಲೂಯಾ ತಾನಾಗೇ ಬರುತ್ತೆ.

ಹೋದ ವರ್ಷ ನಾನೂ ಹಾಗೇ ಸಾರಿದೆ. ವಯಸ್ಸಾದವರನ್ನೆಲ್ಲ ಮುಂದೆ ಕರೆದೆ, ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಆವೇಶದಲ್ಲಿ, "ಕಾಲೇಬನಿಗೆ ಕೋಲು ಇರಲಿಲ್ಲ" ಅಂದುಬಿಟ್ಟೆ. (ಹಾಗಂತ ವಚನದಲ್ಲಿ ಎಲ್ಲೂ ಬರೆದಿಲ್ಲ.) ಒಬ್ಬ ಅಜ್ಜಿ ತಮ್ಮ ಕೋಲನ್ನು ಗೋಡೆಗೆ ಒರಗಿಸಿ, ಹಾಗೇ ನಡೆದು ಮನೆಗೆ ಹೋದರು. ಎಲ್ಲರೂ ಚಪ್ಪಾಳೆ ಹೊಡೆದೆವು. ಆ ಕೋಲನ್ನು ಸಾಕ್ಷಿಗೆ ಅಂತ ನಾನು ಸಭೆಯಲ್ಲೇ ಇಟ್ಟುಕೊಂಡೆ.

ಕೆಲವು ದಿನಕ್ಕೆ ಅವರು ಹಿತ್ತಲಲ್ಲಿ ಜಾರಿ ಬಿದ್ದರು. ದೇವರ ಕೃಪೆ, ಮೂಳೆ ಮುರಿಯಲಿಲ್ಲ. ಆದರೆ ಎದ್ದು ಓಡಾಡುವಂತಾದ ಮೇಲೂ ಆರಾಧನೆಗೆ ಬರಲೇ ಇಲ್ಲ. ನಾನು ಮನೆಗೆ ಹೋದಾಗ ಗೋಡೆ ಹಿಡ್ಕೊಂಡು ನಿಂತಿದ್ದರು. "ನನ್ ನಂಬಿಕೆ ಸಾಲ್ದಾಯ್ತು ಪಾಸ್ಟ್ರೇ. ಎಲ್ರೂ ಮುಂದೆ ಕೋಲ್ ಬುಟ್ಟು ಬಂದೋಳು, ಈಗ ಯಾವ್ ಮುಖ ಹೊತ್ಕೊಂಡ್ ಬರ್ಲಿ?" ಅಂದರು.

ದೇವಜನರೇ, ಆ ಮಾತು ನನ್ನನ್ನು ಎಷ್ಟೋ ರಾತ್ರಿ ಮಲಗಲು ಬಿಡಲಿಲ್ಲ. ವಯಸ್ಸಾಗೋದು ಅಪನಂಬಿಕೆ ಅಂತ ಆ ತಾಯಿಗೆ ಕಲಿಸಿದವನು ನಾನೇ. ದೇವರು ಈಗಲೂ ಗುಣಮಾಡುತ್ತಾನೆ, ಅದನ್ನು ಸಾರೋದು ನಾನು ಬಿಟ್ಟಿಲ್ಲ, ಬಿಡೋದೂ ಇಲ್ಲ. ಆದರೆ ಮುಪ್ಪು ಗದರಿಸಿ ಓಡಿಸೋ ದುರಾತ್ಮ ಅಲ್ಲ. ನನ್ನ ಗಡ್ಡದಲ್ಲಿ ಮೊದಲ ಬಿಳಿ ಕೂದಲು ಕಂಡ ದಿನ ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಅಂತ ನನಗೆ ಗೊತ್ತು. ನನ್ನೊಳಗಿನ ಭಯವನ್ನೇ ನಾನು ಅವತ್ತು ಕೂಗಿ ಸಾರಿದ್ದು.

ಆಮೇಲೆ ಈ ಬರ್ಜಿಲ್ಲೈ ಅಜ್ಜನ ಹತ್ತಿರ ಬಂದೆ. ವಯಸ್ಸು 80. ದಾವೀದ ಮಗನಿಂದಲೇ ತಪ್ಪಿಸಿಕೊಂಡು ಓಡಿ ಬಂದು ಮಹನಯಿಮಿನಲ್ಲಿ ಇದ್ದಾಗ, ಅವನಿಗೂ ಅವನ ಜನಕ್ಕೂ ಸಾಮಾನು ಹೊರಿಸಿಕೊಂಡು ಬಂದವರಲ್ಲಿ ಈತ ಒಬ್ಬ. 17ನೇ ಅಧ್ಯಾಯದ ಕೊನೆಯಲ್ಲಿ ಪಟ್ಟಿ ಇದೆ, ಮನೆಯಲ್ಲಿ ಓದಿ: ಹಾಸಿಗೆ, ಮಡಕೆ, ಗೋಧಿ, ಹಿಟ್ಟು, ಹುರಿದ ಕಾಳು, ಅವರೆ, ಜೇನು, ಬೆಣ್ಣೆ. ಈಗ ಯುದ್ಧ ಮುಗಿದಿದೆ. ಅರಸನು, "ನನ್ನ ಜೊತೆ ಯೆರೂಸಲೇಮಿಗೆ ಬಾ, ನಿನ್ನನ್ನು ನಾನು ಸಾಕ್ತೀನಿ" ಅಂತಾನೆ.

ಅಜ್ಜ ಏನಂದ? ತನ್ನ ವಯಸ್ಸು ಇಷ್ಟು ಅಂತ ಎಣಿಸಿ ಹೇಳ್ತಾನೆ, ಮುಚ್ಚಿಡಲ್ಲ. ಊಟದ ರುಚಿ ಗೊತ್ತಾಗಲ್ಲ, ಹಾಡೋರ ಸ್ವರ ಕೇಳಿಸಲ್ಲ, ನಾನು ಯಾಕೆ ಒಡೆಯನಿಗೆ ಭಾರ ಆಗಲಿ ಅಂತಾನೆ. ಯೋಚಿಸಿ: ತನ್ನ ನಾಲಿಗೆಗೆ ರುಚಿ ಹತ್ತದ ಮನುಷ್ಯ ಒಂದು ಸೈನ್ಯಕ್ಕೆ ಜೇನು, ಬೆಣ್ಣೆ ಹೊರಿಸಿಕೊಂಡು ಬಂದಿದ್ದ! ಯೊರ್ದನ್ ಹೊಳೆ ದಾಟಿಸಿ ಸ್ವಲ್ಪ ದೂರ ಬರ್ತೀನಿ, ಆಮೇಲೆ ಅಪ್ಪ ಅವ್ವನ ಸಮಾಧಿ ಇರೋ ನನ್ನ ಊರಲ್ಲೇ ಸಾಯಲು ಬಿಡಿ ಅಂತಾನೆ. ತನ್ನ ಬದಲು ಕಿಮ್ಹಾಮನನ್ನ ಕಳಿಸ್ತಾನೆ. "ನಾನು ಇಲ್ಲದೆ ನಡೆಯುತ್ತಾ?" ಅಂತ ಹಿಡಿದುಕೊಳ್ಳಲಿಲ್ಲ. ಇದು ನಮ್ಮ ಹಿರಿಯರಿಗೆ ಕಷ್ಟದ ಮಾತು, ಸಭೆಯ ಲೆಕ್ಕಪುಸ್ತಕ ಬಿಡದ ಹಿರಿಯರಿಗಂತೂ ಇನ್ನೂ ಕಷ್ಟ, ಇರಲಿ.

ದಾವೀದ ಏನು ಮಾಡಿದ ನೋಡಿ. ಯಾಕಪ್ಪ ಹೀಗೆ ಬಲಹೀನತೆ ಅರಿಕೆ ಮಾಡ್ತೀಯ ಅಂತ ಗದರಿಸಲಿಲ್ಲ. 39ನೇ ವಚನ: ಮುದ್ದಿಟ್ಟು, ಆಶೀರ್ವದಿಸಿ ಕಳಿಸಿದ. ಸಾಯುವಾಗಲೂ ಮರೆಯಲಿಲ್ಲ, ಬರ್ಜಿಲ್ಲೈಯ ಮಕ್ಕಳು ನಿನ್ನ ಪಂಕ್ತಿಯಲ್ಲಿ ಊಟ ಮಾಡಲಿ ಅಂತ ಸೊಲೊಮೋನನಿಗೆ ಹೇಳಿದ, 1 ಅರಸು 2:7.

ಮಕ್ಕಳಿಗೆ ಭಾರ ಆಗ್ತೀವಿ ಅನ್ನೋದೇ ನಿಮ್ಮಲ್ಲಿ ಎಷ್ಟೋ ಜನರ ಭಯ, ನರೆ ಕೂದಲು ಅಲ್ಲ. ಆ ಭಯ ಪಾಪ ಅಲ್ಲ. ಮುಪ್ಪಿನಲ್ಲಿ ತಳ್ಳಿಬಿಡಬೇಡ ಅಂತ 71ನೇ ಕೀರ್ತನೆಯವನೂ ಅತ್ತಿದ್ದಾನೆ. ಯೆಶಾಯ 46 ಓದಿ. ಬಾಬೆಲಿನ ವಿಗ್ರಹಗಳನ್ನು ದನಗಳು ಹೊರಬೇಕು, ಹೊತ್ತು ಹೊತ್ತು ದನ ಸುಸ್ತಾಗ್ತವೆ. ನಮ್ಮ ದೇವರು ತಾನೇ ಹೊರುವವನು, ತಾಯಿಯ ಗರ್ಭದಿಂದ ನರೆ ಬರೋವರೆಗೂ. ಹೊರೆಸಿಕೊಳ್ಳೋದು ಅವಮಾನ ಆಗಿದ್ದರೆ ಆತನು ಹಾಗೆ ಹೇಳುತ್ತಿರಲಿಲ್ಲ.

ಆ ಅಜ್ಜಿಗೆ ಕೋಲನ್ನು ನಾನೇ ತಗೊಂಡು ಹೋಗಿ ಕೊಟ್ಟು, ಕ್ಷಮಿಸಿ ಅಂದೆ. ನಕ್ಕುಬಿಟ್ಟರು. "ತಡ ಆಯ್ತಲ್ಲಪ್ಪ" ಅಂದರು. ಇವತ್ತು ಬಾಗಿಲ ಪಕ್ಕ ಕೂತಿದ್ದಾರೆ, ಕೋಲು ತೊಡೆ ಮೇಲಿದೆ.

ಮುಂದಿನ ವಾರದಿಂದ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕ್ತೀವಿ, ಯುವಕರು ಮನಸ್ಸಿಗೆ ತಗೊಳ್ಳಿ. ಮಂಡಿ ನೋವು, ಕಣ್ಣಿನ ಪೊರೆ ಇರೋರು ಪ್ರಾರ್ಥನೆ ಮಾಡಿಸಿಕೊಳ್ಳಿ, ಡಾಕ್ಟರ ಹತ್ತಿರನೂ ಹೋಗಿ. ಈಗ ಪ್ರಾರ್ಥಿಸೋಣ. ವಯಸ್ಸಾದವರು ಏಳಬೇಡಿ, ಕೂತಲ್ಲೇ ಕಣ್ಣು ಮುಚ್ಚಿ.